ಇಪ್ಪತ್ತೇಳೂವರೆ

ನಮ್ಮೂರಿನ ಲೈಬ್ರರಿಗೆ ಕಟ್ಟಡವಿಲ್ಲ. ಪುಸ್ತಕಗಳು ಮನೆಗಳಲ್ಲಿರುತ್ತವೆ. ಮನೆಗೊಂದು ವಿಷಯ, ವಿಷಯಕ್ಕೊಂದು ನಂಬರು. ಖಗೋಳದ ಪುಸ್ತಕ ಬೇಕಾದರೆ ಹಿಟ್ಟಿನ ಗಿರಣಿಯವರ ಮನೆಗೆ ಹೋಗಬೇಕು, ಹಾವು ಚೇಳಿನ ಪುಸ್ತಕಕ್ಕೆ ದರ್ಜಿಯ ಮನೆಗೆ. ಯಾರಿಗಾದರೂ ಚೇಳು ಕುಟುಕಿದರೆ ಜನ ಮೊದಲು ಓಡುವುದು ದರ್ಜಿಯ ಹೆಂಡತಿಯ ಹತ್ತಿರ. ಆಕೆ ಸೂಜಿಗೆ ದಾರ ಪೋಣಿಸುತ್ತಲೇ ಚೇಳಿನ ಬಣ್ಣ ಏನು, ಬಾಲ ಎಷ್ಟು ದಪ್ಪ ಎಂದು ವಿಚಾರಿಸುತ್ತಾಳೆ. ಮದುವೆ ಮಾತುಕತೆಯಲ್ಲಿ ಜಾತಕ ನೋಡುವುದಕ್ಕೂ ಮೊದಲು ಹುಡುಗನ ಮನೆ ಯಾವ ವಿಷಯದ್ದು ಎಂದು ಕೇಳುತ್ತಾರೆ. ಕಾನೂನಿನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹೊಸ ಪುಸ್ತಕ ಬಂದಾಗ ಅದು ಯಾವ ಮನೆಗೆ ಹೋಗಬೇಕೆಂದು ತೀರ್ಮಾನಿಸುವವನು ನಾನು. ಹೆಸರು ವಾಮನರಾಯ. ನಂಬರು ರಾಯರು ಎಂದರೆ ಬೇಗ ಗೊತ್ತಾಗುತ್ತದೆ.

ನನ್ನ ತೀರ್ಮಾನ ತಪ್ಪಾದರೆ ಯಾರೂ ಹೇಳಬೇಕಾಗಿಲ್ಲ. ಬೆಳಗಾಗುವುದರೊಳಗೆ ಪುಸ್ತಕವೇ ಎದ್ದು ಹೋಗಿ ಆ ಮನೆಯ ಜಗಲಿಯ ಮೇಲೆ ಕೂತಿರುತ್ತದೆ. ಬೀರುವಿಗೆ ಬೀಗ ಹಾಕಿದ್ದರೂ ಅಷ್ಟೇ, ಬಾಗಿಲಿಗೆ ಅಗುಳಿ ಹಾಕಿದ್ದರೂ ಅಷ್ಟೇ. ರಂಗೋಲಿ ಹಾಕಲು ಹೊರಗೆ ಬಂದವರು ಅದನ್ನು ನೋಡಿ, ಮೇಲಿನ ಇಬ್ಬನಿಯನ್ನು ಸೆರಗಿನಲ್ಲಿ ಒರೆಸಿ, ಚಾವಡಿಗೆ ತಂದು ನನ್ನ ಮೇಜಿನ ಮೇಲಿಡುತ್ತಾರೆ. "ನಮ್ಮದಲ್ಲವಂತೆ ರಾಯ್ರೇ" ಅನ್ನುತ್ತಾರೆ. ನಾನು ಎರಡನೆಯ ಮನೆಗೆ ಕೊಡುತ್ತೇನೆ. ಅಲ್ಲೂ ನಿಲ್ಲದಿದ್ದರೆ ಮೂರನೆಯದಕ್ಕೆ. ಮೂರು ಸಲ ಜಗಲಿಗೆ ಬಂದ ಪುಸ್ತಕಕ್ಕೆ ಊರಿನಲ್ಲಿ ಜಾಗವಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಅದು ಬಂದ ಕಡೆಗೇ ಹೋಗುತ್ತದೆ. ಊರಿನವರೇ ಬರೆದ ಪುಸ್ತಕವಾದರೆ ಅದು ಬಂದದ್ದು ಬರೆದವರ ಕೈಯಿಂದ, ಆದ್ದರಿಂದ ಬರೆದವರೂ ಅದರ ಜೊತೆ ಬಸ್ಸು ಹತ್ತಬೇಕು. ನನಗೆ ನೆನಪಿರುವ ಹಾಗೆ ಹೀಗೆ ಹೋದವನು ಒಬ್ಬನೇ, ನಿದ್ದೆಯ ಮೇಲೆ ಪುಸ್ತಕ ಬರೆದಿದ್ದ ಗಡಿಯಾರ ರಿಪೇರಿಯವನು. ಹಾರ ಹಾಕಿ, ಬುತ್ತಿ ಕಟ್ಟಿಕೊಟ್ಟು, ಮರ್ಯಾದೆಯಿಂದಲೇ ಕಳಿಸಿದೆವು. ಆಮೇಲೆ ನಮ್ಮೂರಲ್ಲಿ ಯಾರೂ ಪುಸ್ತಕ ಬರೆಯುವ ಗೋಜಿಗೆ ಹೋಗಲಿಲ್ಲ.

ಹಾಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಇಂದುಮತಿ ಚಾವಡಿಗೆ ಬಂದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಪಂಚಾಯ್ತಿಯಲ್ಲಿ ಚರಂಡಿ ಅಳೆಯುವ ಕೆಲಸ. ಕೈಯಲ್ಲಿ ಟೇಪು, ಕಂಕುಳಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ. ಅದನ್ನು ಮೇಜಿನ ಮೇಲಿಟ್ಟಳು. ಕೈಬರಹದ್ದು. ಮೊದಲ ಪುಟದಲ್ಲಿ "ಒಂದು ಮನೆಯ ಅಳತೆಗಳು" ಎಂದು ಬರೆದಿತ್ತು.

"ಯಾರು ಕಳ್ಸಿದ್ದಮ್ಮ ಇದನ್ನ?" ಎಂದೆ.

"ಯಾರೂ ಕಳ್ಸಿಲ್ಲ ರಾಯ್ರೇ. ನಾನೇ ಬರೆದಿದ್ದು."

"ನಿಯಮ ಗೊತ್ತಿದೆ ತಾನೇ ನಿಂಗೆ?"

"ಗೊತ್ತಿದೆ. ಬರೆದಾಗಿದೆ, ಇನ್ನೇನು ಮಾಡೋದು. ನೀವು ಓದಿ, ಎಲ್ಲಿಡ್ಬೇಕೋ ಇಡಿ" ಎಂದು ಹೇಳಿ ಚರಂಡಿ ಅಳೆಯಲು ಹೋದಳು.

ಓದಿ ಅಂದಳಲ್ಲ, ಅಲ್ಲೇ ನನಗೆ ನಗು ಬಂತು. ಈ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು, ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಹೆಸರು ನೋಡಬೇಕು, ಪರಿವಿಡಿ ನೋಡಬೇಕು, ಮುನ್ನುಡಿಯ ಮೊದಲ ನಾಲ್ಕು ಸಾಲು ನೋಡಬೇಕು, ಚಿತ್ರಗಳಿದ್ದರೆ ತಿರುವಬೇಕು. ಅದಕ್ಕಿಂತ ಹೆಚ್ಚು ಓದಿದರೆ ತೀರ್ಮಾನ ಕೆಡುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಅವರು ಹೇಳಿದ್ದು ಸರಿ ಎಂದೇ ನಂಬಿಕೊಂಡು ಬಂದವನು ನಾನು. ಆವತ್ತೂ ಹಾಗೆಯೇ ಪುಟ ತಿರುವಿದೆ. ಒಂದು ತೊಟ್ಟಿ ಮನೆಯ ನಕ್ಷೆ, ಕಂಬಗಳ ಎತ್ತರ, ಮೆಟ್ಟಿಲಿನ ಅಗಲ. ಮಧ್ಯೆ ಮಧ್ಯೆ ಆ ಮನೆಯ ಗೋಡೆಯ ಮೇಲಿದ್ದ ಚಿತ್ರಗಳ ಪ್ರತಿ, ಬಣ್ಣ ಹಾಕಿ ಬರೆದದ್ದು, ಗಿಳಿ, ದ್ರಾಕ್ಷಿ ಬಳ್ಳಿ, ಕುದುರೆ ಸವಾರ. ಯಾವ ಮನೆ ಅದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾದ ಮೇಲೆ ನಗು ನಿಂತಿತು.

ಅದು ಇಪ್ಪತ್ತೇಳನೆಯ ನಂಬರಿನ ಮನೆ. ಹಿಂದೆ ಅಲ್ಲಿ ಕಟ್ಟಡಗಳ ಪುಸ್ತಕ, ಕಲೆಯ ಚರಿತ್ರೆಯ ಪುಸ್ತಕ ಎಲ್ಲ ಒಟ್ಟಿಗೇ ಇದ್ದವು, ಅವೆರಡೂ ಬೇರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ಮೂವರು ಅಕ್ಕತಂಗಿಯರು. ನಡುವಿನವಳು ಗಂಡನ ಹಿಂದೆಯೇ ತೀರಿಕೊಂಡಳು, ಅವಳ ಮಗಳೇ ಇಂದುಮತಿ. ಉಳಿದವರು ದೊಡ್ಡವಳಾದ ತುಂಗಕ್ಕ, ಕಿರಿಯವಳಾದ ಸುನಂದಕ್ಕ. ಓದಲು ಬಂದವರಿಗೆ ಮೊದಲು ನಕ್ಷೆ ತೋರಿಸಬೇಕೋ ಚಿತ್ರ ತೋರಿಸಬೇಕೋ ಎಂದು ಅವರಿಬ್ಬರಿಗೂ ಜಗಳ ಹತ್ತಿಕೊಂಡಿತು. ಅದು ಬೆಳೆದು ಬೆಳೆದು ಹಾಲು ಉಕ್ಕಿಸಿದ್ದು ಯಾರು, ಅಮ್ಮನ ಕಾಲು ಒತ್ತಿದ್ದು ಯಾರು ಎನ್ನುವವರೆಗೆ ಹೋಯಿತು. ಹನ್ನೊಂದು ವರ್ಷದ ಹಿಂದೆ ಮನೆ ಪಾಲಾಯಿತು. ಮನೆ ಪಾಲಾದರೆ ವಿಷಯವೂ ಪಾಲಾಗಬೇಕು, ಅದನ್ನು ಮಾಡಲು ನನ್ನನ್ನು ಕರೆದರು.

ಕಟ್ಟಡ ಎಲ್ಲಿ ಮುಗಿದು ಕಲೆ ಎಲ್ಲಿ ಶುರುವಾಗುತ್ತದೆ ಎಂದು ನನಗೇನು ಗೊತ್ತು? ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಯಾವುದರ ಒಳಗೆ ನಿಂತು ನೋಡಬೇಕೋ ಅದು ಅಕ್ಕನಿಗೆ, ಯಾವುದರ ಎದುರಿಗೆ ನಿಂತು ನೋಡಬೇಕೋ ಅದು ತಂಗಿಗೆ. ಅಕ್ಕನದು ಇಪ್ಪತ್ತೇಳಾಗಿಯೇ ಉಳಿಯಿತು. ಮುಂದಿನ ನಂಬರುಗಳನ್ನೆಲ್ಲ ಬದಲಾಯಿಸುವುದು ಯಾರಿಗೆ ಬೇಕು ಎಂದು ತಂಗಿಗೆ ಇಪ್ಪತ್ತೇಳೂವರೆ ಕೊಟ್ಟೆ. ಆ ಅರ್ಧವನ್ನು ಸುನಂದಕ್ಕ ನನಗೆ ಇಂದಿಗೂ ಕ್ಷಮಿಸಿಲ್ಲ. ವಿಚಿತ್ರವೆಂದರೆ ಪುಸ್ತಕಗಳು ಈ ನಿಯಮವನ್ನು ಒಪ್ಪಿಕೊಂಡವು. ಗುಹೆಯ ವರ್ಣಚಿತ್ರಗಳ ಪುಸ್ತಕವನ್ನು ಚಿತ್ರ ತಾನೇ ಎಂದು ತಂಗಿಗೆ ಕೊಟ್ಟಿದ್ದೆ, ಬೆಳಿಗ್ಗೆ ಜಗಲಿಗೆ ಬಂತು. ಗುಹೆಯ ಒಳಗೆ ನಿಂತೇ ನೋಡಬೇಕಲ್ಲ ಎಂದು ಅಕ್ಕನಿಗೆ ಕೊಟ್ಟೆ, ನಿಂತಿತು. ಗೋರಿಗಳ ಪುಸ್ತಕ ತಂಗಿಯ ಮನೆಯಲ್ಲಿ ನಿಂತಿತು, ಒಳಗಿರುವವರು ಏನನ್ನೂ ನೋಡುತ್ತಿಲ್ಲವಾದ್ದರಿಂದ ಇರಬೇಕು. ಸುಳ್ಳು ಸುಳ್ಳೇ ಹೇಳಿದ ಮಾತು ಹೀಗೆ ನಿಜವಾಗುತ್ತಾ ಹೋದರೆ ಮನುಷ್ಯನಿಗೆ ತನ್ನ ಬುದ್ಧಿಯ ಮೇಲೆ ಭರವಸೆ ಬರುತ್ತದೆ. ನನಗೂ ಬಂತು.

ಪಾಲಾಗದೆ ಉಳಿದದ್ದು ಇಂದುಮತಿ ಒಬ್ಬಳು. ಆಗ ಅವಳಿಗೆ ಹದಿಮೂರು. ಇಬ್ಬರಿಗೂ ಮಕ್ಕಳಿಲ್ಲ, ಇಬ್ಬರೂ ಅವಳನ್ನು ಬಿಡಲು ಒಪ್ಪಲಿಲ್ಲ. ಪಾಲು ಪತ್ರದ ಕೊನೆಯಲ್ಲಿ ನಾನೇ ಒಂದು ಸಾಲು ಸೇರಿಸಿದೆ: ಹುಡುಗಿಯ ಬೆಳಗಿನ ಊಟ ಇಪ್ಪತ್ತೇಳರಲ್ಲಿ, ರಾತ್ರಿಯ ಊಟ ಇಪ್ಪತ್ತೇಳೂವರೆಯಲ್ಲಿ, ಹಬ್ಬಗಳಲ್ಲಿ ಸರದಿ. ಎಲ್ಲರೂ ತಲೆಯಾಡಿಸಿದರು. ಆ ಸಾಲಿನ ಬಗ್ಗೆ ನನಗೆ ಬಹಳ ಕಾಲ ಹೆಮ್ಮೆಯಿತ್ತು.

ಸೋಮವಾರ ಸಂಜೆ ಪುಸ್ತಕವನ್ನು ತುಂಗಕ್ಕನಿಗೆ ಕೊಟ್ಟೆ. ಮನೆ ಎಂದರೆ ಒಳಗೆ ನಿಲ್ಲುವಂಥದ್ದು, ಅನುಮಾನವೇ ಇಲ್ಲ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ಆಕೆ ಚಾವಡಿಗೆ ಬಂದರು, ಕೈಯಲ್ಲಿ ಅದೇ ಪುಸ್ತಕ, ಕಣ್ಣು ಕೆಂಪಗೆ. "ನಾನು ಹೊರಗೆ ಹಾಕಿಲ್ಲ ರಾಯ್ರೇ. ರುಬ್ಬೋ ಗುಂಡನ್ನೇ ಅದರ ಮೇಲೆ ಇಟ್ಟು ಮಲ್ಕೊಂಡಿದ್ದೆ. ಗುಂಡು ಅಲ್ಲೇ ಇದೆ, ಇದು ಜಗಲಿ ಮೇಲಿದೆ" ಎಂದರು.

"ಓದಿದ್ರಾ?"

"ನಿಲ್ಲುತ್ತೋ ಇಲ್ವೋ ಗೊತ್ತಿಲ್ದೆ ಇರೋದನ್ನ ಯಾಕೆ ಓದ್ಲಿ? ನಿಂತ ಮೇಲೆ ಓದೋಣ ಅಂತಿದ್ದೆ." ಪುಸ್ತಕವನ್ನು ಮೇಜಿನ ಮೇಲಿಟ್ಟು, "ಆ ಕಡೆಯವಳಿಗೆ ಕೊಟ್ಟು ನೋಡಿ" ಎಂದರು. ಹನ್ನೊಂದು ವರ್ಷದಲ್ಲಿ ತುಂಗಕ್ಕ ತಂಗಿಗೆ ಏನನ್ನಾದರೂ ಕೊಡಿ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬುಧವಾರ ಬೆಳಿಗ್ಗೆ ಸುನಂದಕ್ಕ ಬಂದರು. ಅವರು ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದರಂತೆ. ಎದ್ದು ನೋಡಿದರೆ ತಲೆ ಚಾಪೆಯ ಮೇಲಿತ್ತು, ಪುಸ್ತಕವೂ ದಿಂಬೂ ಜಗಲಿಯ ಮೇಲಿದ್ದವು. "ನನ್ನದು ಅರ್ಧ ನಂಬರು ಅಂತ ಅದಕ್ಕೂ ತಾತ್ಸಾರ ಆಗಿರ್ಬೇಕು. ರಾಯ್ರೇ, ಹುಡುಗಿ ಏನಾದ್ರೂ ಬಸ್ ಹತ್ತಿದ್ಲು ಅಂದ್ರೆ ನಾನು ನಿಮ್ಮನ್ನ ಸುಮ್ನೆ ಬಿಡಲ್ಲ" ಎಂದು ಹೇಳಿ, ಅಲ್ಲೇ ಕೂತು ಅತ್ತರು.

ಉಳಿದದ್ದು ಒಂದೇ ಸಲ. ಇಡೀ ದಿನ ಊರಿನ ನಂಬರುಗಳನ್ನೆಲ್ಲ ತಲೆಯಲ್ಲಿ ಮಗುಚಿ ಹಾಕಿದೆ. ಎಲ್ಲ ಅಳತೆಯೇ ಆದ್ದರಿಂದ ಗಣಿತವೇ? ತೊಲೆ ಕಂಬಗಳ ವಿಚಾರ ಇದೆ, ಬಡಗಿ ಕೆಲಸವೇ? ಗಿಳಿ ಇದೆಯಲ್ಲ, ಪಕ್ಷಿಗಳ ಮನೆಗೆ ಕೊಟ್ಟರೆ ಹೇಗೆ ಎಂದೂ ಯೋಚಿಸಿದೆ. ಅಷ್ಟರಮಟ್ಟಿಗೆ ಕಂಗಾಲಾಗಿದ್ದೆ. ಕೊನೆಗೆ ನಾಚಿಕೆ ಬಿಟ್ಟು ಇಂದುಮತಿಯನ್ನೇ ಹುಡುಕಿಕೊಂಡು ಹೋದೆ. ಸಂತೆ ಬೀದಿಯ ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆಳ ಅಳೆಯುತ್ತಿದ್ದಳು.

"ಅದು ಏನು ಪುಸ್ತಕ ಅಂತ ನೀನೇ ಹೇಳಿಬಿಡು ತಾಯಿ" ಎಂದೆ.

"ಬರೆದವರನ್ನ ಕೇಳಬಾರದು ಅಂತ ನಿಮ್ಮ ನಿಯಮ ಇದೆಯಲ್ಲ. ಓದಿದ್ರಾ?"

"ನೋಡ್ದೆ."

"ನೋಡಿದ್ದು ಬೇರೆ ರಾಯ್ರೇ" ಎಂದು ಟೇಪು ಸುತ್ತಿಕೊಂಡಳು. "ನಾನು ಬಟ್ಟೆ ಕಟ್ಟಿಟ್ಟಿದ್ದೀನಿ. ಅರ್ಧ ಬಟ್ಟೆ ಆ ಮನೇಲಿ, ಅರ್ಧ ಈ ಮನೇಲಿ. ಕೊನೇ ಗಳಿಗೇಲಿ ಓಡಾಡೋದು ಕಷ್ಟ ಅಂತ ಮೊದ್ಲೇ ಕಟ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಚಾವಡಿಯಲ್ಲಿ ಪುಸ್ತಕವನ್ನು ರಾತ್ರಿ ಬಿಡುವ ಹಾಗಿಲ್ಲ. ಯಾವ ಮನೆಗೂ ಕೊಡಲು ಧೈರ್ಯ ಬರದೆ ಸಂಜೆ ಅದನ್ನು ನನ್ನ ಮನೆಗೇ ತಂದೆ. ನನ್ನ ಮನೆಯ ನಂಬರು ಸೊನ್ನೆ. ಯಾವುದನ್ನು ಎಲ್ಲಿಡಬೇಕು ಎಂದು ಹೇಳುವ ಪುಸ್ತಕಗಳು ಇರುವುದು ಅಲ್ಲಿ, ನಂಬರುಗಳ ಪಟ್ಟಿ, ನಿಯಮಗಳ ಪುಸ್ತಕ, ತಿದ್ದುಪಡಿಗಳ ಪುಸ್ತಕ. ಓದಲು ಒಬ್ಬರೂ ಬರುವುದಿಲ್ಲ. ಚಾವಡಿಯಲ್ಲಿ ಮುಗಿಯದ ಕೆಲಸವನ್ನು ಮನೆಗೆ ತಂದಾಗಲೆಲ್ಲ ಪುಸ್ತಕ ಬೆಳಿಗ್ಗೆ ಜಗಲಿಗೆ ಹೋಗಿದೆ, ಒಂದು ಸಲವೂ ತಪ್ಪಿಲ್ಲ. ಇದೂ ಹೋಗುತ್ತದೆ, ಅದೇ ಮೂರನೆಯ ಸಲವಾಗುತ್ತದೆ ಎಂದು ನನಗೆ ಗೊತ್ತಿತ್ತು. ಊಟ ಮಾಡಲು ಮನಸ್ಸು ಬರಲಿಲ್ಲ. ಒಂದು ಹಾಳೆಯ ಮೇಲೆ ನಂಬರು ಬರೆಯುವುದು, ಹೊಡೆದು ಹಾಕುವುದು ಮಾಡುತ್ತಾ ಮೇಜಿನ ಮೇಲೇ ತಲೆಯಿಟ್ಟು ಮಲಗಿಬಿಟ್ಟೆ.

ಬೆಳಿಗ್ಗೆ ಎಚ್ಚರವಾದವನೇ ಜಗಲಿಗೆ ಹೋದೆ. ಹಾಲಿನ ಚೊಂಬು ಮಾತ್ರ ಇತ್ತು. ಮೆಟ್ಟಿಲ ಕೆಳಗೆ ನೋಡಿದೆ, ತುಳಸಿಯ ಹಿಂದೆ ನೋಡಿದೆ, ಯಾರಾದರೂ ಎತ್ತಿಕೊಂಡು ಹೋದರೋ ಎಂದು ಬೀದಿಯ ತುದಿಯವರೆಗೆ ಹೋಗಿ ಬಂದೆ. ಒಳಗೆ ಬಂದು ನೋಡಿದರೆ ಪುಸ್ತಕ ಮೇಜಿನ ಮೇಲೇ ಇತ್ತು, ನಾನು ಮೊಣಕೈ ಊರಿದ್ದ ಜಾಗದಲ್ಲಿ. ನನಗೆ ಏನೂ ಅರ್ಥವಾಗಲಿಲ್ಲ. ಒಂದು ಮನೆಯ ಅಳತೆಗೂ ನನ್ನ ಸೊನ್ನೆಗೂ ಏನು ಸಂಬಂಧ? ಹಲ್ಲುಜ್ಜದೆ, ಮುಖ ತೊಳೆಯದೆ, ಜೀವನದಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತೆ.

ಅರವತ್ತು ಪುಟದವರೆಗೆ ಅದು ಅಳತೆಯೇ. ಅರವತ್ತೊಂದನೆಯ ಪುಟದಲ್ಲಿ "ಗೋಡೆ" ಎಂಬ ಅಧ್ಯಾಯ ಶುರುವಾಗುತ್ತದೆ. ಅದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. "ಗೋಡೆಯ ಉದ್ದ ಮೂವತ್ತೊಂದು ಅಡಿ, ದಪ್ಪ ಒಂಬತ್ತು ಇಂಚು. ವಾಮನರಾಯರು ಸೀಮೆಸುಣ್ಣದಿಂದ ಗೆರೆ ಎಳೆದದ್ದು ಬೆಳಿಗ್ಗೆ ಹತ್ತೂಕಾಲಕ್ಕೆ. ಕುದುರೆ ಸವಾರನ ಚಿತ್ರದ ಮೇಲೆ ಗೆರೆ ಬಂದಾಗ ಕುದುರೆ ದೊಡ್ಡಮ್ಮನ ಕಡೆಗೆ, ಸವಾರ ಚಿಕ್ಕಮ್ಮನ ಕಡೆಗೆ ಹೋದ. ಮುಂದೆ ಗೆರೆ ಹೋಗಬೇಕಾದ ಜಾಗದಲ್ಲಿ ನನ್ನ ಹಾಸಿಗೆ ಇತ್ತು. ಹಾಸಿಗೆಯನ್ನು ಸುತ್ತಿ ಪಕ್ಕಕ್ಕಿಟ್ಟು ಗೆರೆ ಮುಂದುವರಿಸಿದರು. ಏನು ಬೇಕೆಂದು ದೊಡ್ಡಮ್ಮನನ್ನು ಕೇಳಿದರು, ಚಿಕ್ಕಮ್ಮನನ್ನು ಕೇಳಿದರು. ಎಷ್ಟು ಇಟ್ಟಿಗೆ ಬೇಕೆಂದು ಗಾರೆಯವನನ್ನು ಕೇಳಿದರು. ನನಗೆ ಒಂದು ಲೋಟ ನೀರು ತರಲು ಹೇಳಿದರು. ತಂದುಕೊಟ್ಟೆ. ಪತ್ರದಲ್ಲಿ ನನ್ನ ಊಟದ ಹೊತ್ತುಗಳನ್ನು ಬರೆದರು. ಮಲಗುವ ಜಾಗವನ್ನು ಬರೆಯಲಿಲ್ಲ."

ಅಲ್ಲಿಂದ ಮುಂದಕ್ಕೆಲ್ಲ ಅದೇ, ಯಾವುದನ್ನು ಎಲ್ಲಿಟ್ಟರು ಎಂಬ ಲೆಕ್ಕ. ಯಾವ ಪುಸ್ತಕ ಯಾವ ಕಡೆ ಹೋಯಿತು, ಯಾವ ಪಾತ್ರೆ ಯಾವ ಕಡೆ ಹೋಯಿತು, ಯಾರು ಯಾವ ಕಡೆ ಹೋದರು, ಯಾರು ಹೇಳಿದ್ದಕ್ಕೆ ಹೋದರು. ಒಂದು ಕಡೆಯೂ ಬೈಗುಳವಿಲ್ಲ. ನನ್ನ ಹೆಸರು ನಲವತ್ತು ಸಲವಾದರೂ ಬಂದಿದೆ. ನನಗೆ ಆ ಗೆರೆ ನೆನಪಿದೆ, ಗಾರೆಯವನ ಜೊತೆ ಆಡಿದ ಮಾತೂ ನೆನಪಿದೆ. ನೀರು ತಂದುಕೊಟ್ಟ ಹುಡುಗಿ ನೆನಪಿಲ್ಲ. ಎಷ್ಟು ಕಣ್ಣು ಮುಚ್ಚಿಕೊಂಡು ಯೋಚಿಸಿದರೂ ಲೋಟ ಹಿಡಿದ ಒಂದು ಕೈ ಕೂಡ ಕಣ್ಣ ಮುಂದೆ ಬರಲಿಲ್ಲ. ಆಗ ನನಗಾದದ್ದು ನಾಚಿಕೆ, ಬೇರೆ ಹೆಸರು ಕೊಡುವುದು ಬೇಡ.

ಒಂಬತ್ತು ಗಂಟೆಗೆ ಇಂದುಮತಿ ಬಂದಳು. ಎರಡು ಕೈಯಲ್ಲೂ ಎರಡು ಬಟ್ಟೆ ಗಂಟು. ಜಗಲಿಯ ಮೇಲೆ ಪುಸ್ತಕಕ್ಕಾಗಿ ಹುಡುಕಿ, ಕಾಣದೆ, ಬಾಗಿಲಲ್ಲಿ ನಿಂತಳು.

"ಹೊರಗೆ ಬರ್ಲಿಲ್ಲಮ್ಮ. ಇಲ್ಲೇ ನಿಂತಿದೆ" ಎಂದೆ.

"ಸೊನ್ನೇಲಾ?" ಅವಳು ಗಂಟು ಕೆಳಗಿಟ್ಟು ಹೊಸ್ತಿಲ ಮೇಲೇ ಕೂತುಬಿಟ್ಟಳು. "ನಾನು ಅದನ್ನ ಮನೆ ಬಗ್ಗೆ ಅಂದ್ಕೊಂಡು ಬರೆದಿದ್ದು ರಾಯ್ರೇ."

"ನಾನೂ ಹಾಗೇ ಅಂದ್ಕೊಂಡಿದ್ದೆ." ಕ್ಷಮಿಸು ಎನ್ನುವುದು ಸುಲಭವಿತ್ತು, ಅದಕ್ಕೇ ಬಾಯಿ ಬರಲಿಲ್ಲ. "ನೀನು ಇರ್ತೀಯೋ ಹೋಗ್ತೀಯೋ?" ಎಂದು ಕೇಳಿದೆ.

"ಪುಸ್ತಕ ನಿಂತಿದೆಯಲ್ಲ."

"ಪುಸ್ತಕದ ಮಾತು ಬಿಡು. ನಿನ್ನನ್ನ ಕೇಳ್ತಿದ್ದೀನಿ. ಏನು ಬೇಕು ನಿಂಗೆ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮುಖದಲ್ಲಿ ಸಂತೋಷ ಕಾಣುತ್ತದೇನೋ ಎಂದುಕೊಂಡಿದ್ದೆ, ಕಂಡದ್ದು ಗಾಬರಿ. "ಗೊತ್ತಿಲ್ಲ ರಾಯ್ರೇ" ಎಂದಳು. "ಎಷ್ಟು ಅಗಲ, ಎಷ್ಟು ಆಳ ಅಂದ್ರೆ ಹೇಳ್ತೀನಿ. ಇದನ್ನ ಯಾರೂ ಕೇಳಿರ್ಲಿಲ್ಲ."

ಚಾವಡಿಯ ಬೋರ್ಡಿಗೆ ಹತ್ತು ಗಂಟೆಯೊಳಗೆ ಚೀಟಿ ಅಂಟಿಸಬೇಕು, ಇಲ್ಲದಿದ್ದರೆ ಪುಸ್ತಕ ನಿಂತದ್ದು ಲೆಕ್ಕಕ್ಕೆ ಬರುವುದಿಲ್ಲ. ಅಂಟಿಸಿದರೆ ಊರಿನವರೆಲ್ಲ ಬಂದು ಅರವತ್ತೊಂದನೆಯ ಪುಟ ಓದುತ್ತಾರೆ. ಇಪ್ಪತ್ತೆಂಟು ವರ್ಷ ನಾನು ಎಳೆದ ಗೆರೆಗಳನ್ನೆಲ್ಲ ಅನುಮಾನದಿಂದ ನೋಡುತ್ತಾರೆ. ಸುಳ್ಳು ಯಾಕೆ, ಚಪ್ಪಲಿ ಮೆಟ್ಟುವಾಗ ನನ್ನ ಕಾಲು ಒಂದು ಕ್ಷಣ ತಡೆಯಿತು. ಆಮೇಲೆ ಹೋಗಿ ಅಂಟಿಸಿ ಬಂದೆ. ಒಂದು ಮನೆಯ ಅಳತೆಗಳು, ಬರೆದವರು ಇಂದುಮತಿ, ನಂಬರು ಸೊನ್ನೆ.

ನಾನು ಮನೆ ಸೇರಿ ಕಾಲು ಗಂಟೆಯೂ ಆಗಿರಲಿಲ್ಲ, ಒಂದೇ ದಾರಿಯಲ್ಲಿ ಬರಲೊಲ್ಲದೆ ಬೀದಿಯ ಆ ತುದಿಯಿಂದ ತುಂಗಕ್ಕ, ಈ ತುದಿಯಿಂದ ಸುನಂದಕ್ಕ ಬಂದರು. ಇಬ್ಬರೂ ಮೆಟ್ಟಿಲ ಹತ್ತಿರ ಒಂದೇ ಸಲಕ್ಕೆ ಬಂದು, ಯಾರು ಮೊದಲು ಹತ್ತಬೇಕೆಂದು ತಿಳಿಯದೆ ನಿಂತರು. "ನಮ್ಮನೆ ಪುಸ್ತಕ ನಿಮ್ಮನೇಲಿ ಹೇಗ್ರೀ ನಿಲ್ಲುತ್ತೆ?" ಎಂದು ತುಂಗಕ್ಕ ನನ್ನನ್ನು ಕೇಳಿದರು. "ಓದಿ ನೋಡಿ" ಎಂದೆ. ಓದಲು ಬಂದವರನ್ನು ಕೂರಿಸಲು ನನ್ನ ಮನೆಯಲ್ಲಿ ಇದ್ದದ್ದು ಒಂದೇ ಚಾಪೆ. ಇಬ್ಬರೂ ಅದರ ಎರಡು ಅಂಚಿನಲ್ಲಿ ಕೂತರು. ಅಕ್ಷರ ಸಣ್ಣದು, ಇಬ್ಬರ ಕಣ್ಣಿಗೂ ಹತ್ತಲಿಲ್ಲ. ಇಂದುಮತಿಯೇ ಹೊಸ್ತಿಲಿಂದ ಎದ್ದು ಬಂದು, ನಡುವೆ ಕೂತು, ಗಟ್ಟಿಯಾಗಿ ಓದತೊಡಗಿದಳು.

ಗಿಳಿಯ ಅಳತೆ ಬಂದಾಗ ಸುನಂದಕ್ಕ ಸಣ್ಣಗೆ ನಕ್ಕರು. ಕಂಬಗಳ ಎತ್ತರ ಬಂದಾಗ ತುಂಗಕ್ಕ "ಹೌದು, ಅಷ್ಟೇ ಇತ್ತು" ಎಂದರು. ಗೋಡೆಯ ಅಧ್ಯಾಯ ಬಂತು. ಅವಳು ದನಿಯನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಹಾಸಿಗೆ ಸುತ್ತಿಟ್ಟದ್ದನ್ನು ಓದಿದಳು, ನೀರು ತಂದುಕೊಟ್ಟದ್ದನ್ನು ಓದಿದಳು. ಮಲಗುವ ಜಾಗವನ್ನು ಬರೆಯಲಿಲ್ಲ ಎಂಬಲ್ಲಿಗೆ ಬಂದಾಗ ತುಂಗಕ್ಕ ಕೈಯೆತ್ತಿ ತಡೆದರು.

"ಆವತ್ತು ರಾತ್ರಿ ನೀನು ಆ ಕಡೆ ಮಲಗಿದ್ದೆ ಅಲ್ವೇನೇ?"

"ಆ ಕಡೆ ಅಂದ್ರೆ ನಮ್ಮ ಕಡೇನಾ?" ಎಂದರು ಸುನಂದಕ್ಕ. ಹನ್ನೊಂದು ವರ್ಷದ ಮೇಲೆ ಅಕ್ಕನಿಗೆ ಆಡಿದ ಮೊದಲ ಮಾತು ಅದು. "ಊಟ ಮಾಡ್ಕೊಂಡು ಎದ್ದು ಹೋದ್ಲು. ನಿನ್ನ ಹತ್ರ ಮಲಗಕ್ಕೆ ಹೋದ್ಲು ಅಂದ್ಕೊಂಡೆ ನಾನು."

ಇಬ್ಬರೂ ಇಂದುಮತಿಯ ಮುಖ ನೋಡಿದರು. ಅವಳು ಪುಟದ ಮೇಲೆ ಬೆರಳಿಟ್ಟುಕೊಂಡಿದ್ದಳು.

"ಜಗಲಿ ಮೇಲೆ ಮಲಗಿದ್ದೆ ದೊಡ್ಡಮ್ಮ" ಎಂದಳು. "ಅದೊಂದಕ್ಕೆ ಗೋಡೆ ಇರಲಿಲ್ಲವಲ್ಲ."

"ಎಷ್ಟು ದಿನ?"

"ಮುಂದಿನ ಪುಟದಲ್ಲಿದೆ" ಎಂದು ಅವಳು ಹಾಳೆ ತಿರುವಿದಳು. ನನಗೆ ಎದ್ದು ಒಳಗೆ ಹೋಗಿಬಿಡಬೇಕು ಅನ್ನಿಸಿತು. ಆದರೆ ನಮ್ಮೂರಿನಲ್ಲಿ ಓದಲು ಬಂದವರು ಏಳುವ ಮೊದಲು ಮನೆಯವನು ಏಳುವ ಹಾಗಿಲ್ಲ, ಹಾಗೆಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಇನ್ನೂ ನೂರಾ ಎಂಬತ್ತು ಪುಟ ಇದ್ದವು. ಕೂತು ಕೇಳಿದೆ.